ಬೀರುವಿನ ಹಿಂದಿನ ಗೋಡೆ

ನೆರೆಯ ನೀರು ಇಳಿದ ಎಂಟನೇ ದಿನಕ್ಕೆ ನಮ್ಮ ಬೀದಿಯಲ್ಲಿ ಒಂದೇ ಒಂದು ಮನೆ ಹೊಸದರ ಹಾಗೆ ಹೊಳೆಯುತ್ತಿತ್ತು. ಅದು ನಮ್ಮದು. ಉಳಿದ ಇಪ್ಪತ್ತು ಮನೆಯವರು ಇನ್ನೂ ಕೆಸರು ಬಾಚುತ್ತಿದ್ದರು. ನೆಂದ ಹಾಸಿಗೆಗಳನ್ನು ಕಾಂಪೌಂಡಿನ ಮೇಲೆ ಹರವಿ, ಅವುಗಳ ಪಕ್ಕದಲ್ಲೇ ತಾವೂ ಒಣಗಲು ಕೂತಿದ್ದರು. ನನ್ನ ಮಾವ ಮಾತ್ರ ಒಳಗೂ ಹೊರಗೂ ಎರಡೆರಡು ಕೋಟು ಪೇಂಟು ಹೊಡೆದು ಮುಗಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಬೀದಿಯನ್ನು ನೋಡುತ್ತಿದ್ದರು. ನೋಡುವುದೆಂದರೆ ಹೇಗೆ? ಮೂಗಿನ ಹತ್ತಿರ ಏನೋ ಕೊಳೆತದ್ದು ಹಿಡಿದ ಹಾಗೆ.

“ಹಂದಿಗಳು,” ಅಂದರು. “ನೀರು ಹೋಗಿ ವಾರ ಆಯ್ತು. ಒಂದು ಗೋಡೆ ಒರೆಸೋಕೆ ಏನು ರೋಗ ಇವರಿಗೆ?”

“ಅವರ ಮನೇಲಿ ಪೇಂಟಿನ ಡಬ್ಬ ಇಲ್ಲವಲ್ಲ,” ಅಂದರು ಅತ್ತೆ ಒಳಗಿನಿಂದ.

“ಮಾನ ಇಲ್ಲ ಅನ್ನು. ಡಬ್ಬ ಯಾಕೆ ಬೇಕು?”

ಮಾವ ಮೂವತ್ತೆಂಟು ವರ್ಷದಿಂದ ಪೇಂಟಿಂಗ್ ಮೇಸ್ತ್ರಿ. ನನ್ನ ಗಂಡ ಅವರ ಕೈಕೆಳಗೇ ಬ್ರಷ್ ಹಿಡಿದವನು, ಈಗಲೂ ಅವರ ಕೈಕೆಳಗೇ ಇದ್ದಾನೆ, ಊಟಕ್ಕೆ ಕೂತಾಗಲೂ. ಮಾವನಿಗೆ ಜಗತ್ತಿನಲ್ಲಿ ಇರುವುದು ಎರಡೇ ಥರದ ಜನ. ಒಬ್ಬರು ಅವರು. ಇನ್ನೊಬ್ಬರು “ಬೀರು ಸುತ್ತ ಬಳಿಯೋರು.” ಕೆಲವು ಪೇಂಟರುಗಳು ಬೀರುವನ್ನು ಸರಿಸುವ ಕಷ್ಟಕ್ಕೆ ಹೋಗದೆ ಅದರ ಸುತ್ತ ಬ್ರಷ್ ಆಡಿಸಿ, ಹಿಂದಿನ ಗೋಡೆಯನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾರಂತೆ. ಮಾವನ ಕಣ್ಣಿಗೆ ಅದು ಕಳ್ಳತನಕ್ಕಿಂತ ಕೀಳು. ಡಾಕ್ಟರು ಎರಡು ನಿಮಿಷದಲ್ಲಿ ನೋಡಿ ಕಳಿಸಿದರೆ ಅವನು ಬೀರು ಸುತ್ತ ಬಳಿಯೋನು. ಬಸ್ಸಿನವನು ಸ್ಟಾಪ್ ದಾಟಿ ನಿಲ್ಲಿಸಿದರೆ ಅವನೂ ಅದೇ. ನಾನು ಮದುವೆಯಾಗಿ ಬಂದ ಮೂರನೇ ದಿನ ಮಂಚದ ಕೆಳಗೆ ಗುಡಿಸುವುದನ್ನು ಮರೆತಿದ್ದೆ. ನೆಂಟರೆದುರಿಗೇ ಅಂದುಬಿಟ್ಟರು: “ಸೊಸೇನೂ ಬೀರು ಸುತ್ತ ಬಳಿಯೋಳೇ ಸಿಕ್ಕಳು.” ಏಳು ವರ್ಷ ಆಯಿತು. ನಾನು ಮರೆತಿಲ್ಲ.

ನಮ್ಮ ಮನೆ ಬೀದಿಯ ತುದಿಯಲ್ಲಿದೆ, ಹೊಳೆಗೆ ಎಲ್ಲರಿಗಿಂತ ಹತ್ತಿರ. ಕಟ್ಟುವಾಗ ಮಾವ ಪಾಯವನ್ನು ಮೂರು ಮೆಟ್ಟಿಲು ಎತ್ತರಿಸಿದ್ದರು. “ಮೇಸ್ತ್ರಿ ಸಿಂಹಾಸನ ಕಟ್ಟಿಸ್ತಿದ್ದಾರೆ” ಎಂದು ಬೀದಿಯವರು ಆಗ ನಕ್ಕಿದ್ದರಂತೆ. ಆ ಮೂರು ಮೆಟ್ಟಿಲಿನ ಜಂಬವನ್ನು ಮಾವ ಇವತ್ತಿನವರೆಗೂ ಬಿಟ್ಟಿಲ್ಲ. ಹೊಳೆಗೆ ಆ ಮೆಟ್ಟಿಲುಗಳ ವಿಷಯ ಯಾರೂ ಹೇಳಿರಲಿಲ್ಲವೇನೋ. ಮಧ್ಯಾಹ್ನ ಊಟಕ್ಕೆ ಕೂತಾಗ ನೀರು ಹೊಸಿಲಿಗೆ ಬಂತು, ತಟ್ಟೆ ಎತ್ತುವಷ್ಟರಲ್ಲಿ ಮಂಡಿಗೆ ಬಂತು. ನಾಲ್ಕು ವರ್ಷದ ಮಗಳನ್ನು ಅಟ್ಟಕ್ಕೆ ಹತ್ತಿಸಿ ನಾನೂ ಅತ್ತೆಯೂ ಮಂಚದ ಮೇಲೆ ನಿಂತೆವು. ಮಂಚದ ಮೇಲೆ ನಿಂತವಳ ಎದೆಗೆ ನೀರು. ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ಕತ್ತು ಮೇಲೆತ್ತಿಕೊಂಡೇ ಇದ್ದರು. ಗಂಡ ಹಗ್ಗ ಕಟ್ಟಿಕೊಂಡು ಈಜಿ ಹೋಗಿ ದೋಣಿ ತಂದಾಗ ಸಂಜೆಯಾಗಿತ್ತು.

ಒದ್ದೆ ಬಟ್ಟೆಯಲ್ಲಿ ಆರು ತಾಸು ಅಟ್ಟದ ಮೇಲೆ ಕೂತಿದ್ದ ಮಗಳಿಗೆ ಆಮೇಲೆ ಎದೆ ಸುಂಯ್‌ಗುಡಲು ಶುರುವಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. “ಇನ್ನೊಂದು ಮಳೆಗಾಲ ಈ ಮಗು ಒದ್ದೆ ಮನೇಲಿ ಇರಬಾರದು. ಔಷಧಿ ನಾನು ಕೊಡ್ತೀನಿ, ಗೋಡೆ ನೀವು ಬದಲಾಯಿಸಿ,” ಅಂದರು.

ಮಾವ ಗೋಡೆ ಬದಲಾಯಿಸಿದ್ದು ಹೀಗೆ. ಹಳೆಯ ಪೇಂಟನ್ನೆಲ್ಲ ಗಾರೆ ಕಾಣುವವರೆಗೆ ಕೆರೆದು, ಉಪ್ಪುಕಾಗದದಲ್ಲಿ ತಿಕ್ಕಿ, ಆಸ್ಪತ್ರೆಯ ಹಸಿರು, ಬ್ಯಾಂಕಿನ ಕೆನೆಬಣ್ಣ, ಯಾರದೋ ಹಾಲ್‌ನ ಗುಲಾಬಿ ಎಂದು ಉಳಿದಿದ್ದ ಡಬ್ಬಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು ಕಲಸಿದರು. ಬಂದ ಬಣ್ಣಕ್ಕೆ ಹೆಸರಿಲ್ಲ. ನೆಂದ ಗೋಡೆಗೆ ಪೇಂಟು ಹೊಡೆದರೆ ತಿಂಗಳಲ್ಲಿ ಬೊಬ್ಬೆ ಏಳುತ್ತದೆ ಎಂಬುದು ನಿನ್ನೆ ಬ್ರಷ್ ಹಿಡಿದವನಿಗೂ ಗೊತ್ತು. ಮೂವತ್ತೆಂಟು ವರ್ಷದವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬೀದಿಯವರ ಗೋಡೆಯ ಹಾಗೆ ತಮ್ಮ ಗೋಡೆಯೂ ಇನ್ನೊಂದು ದಿನ ಕೆಸರಾಗಿ ಕಂಡರೆ ಅವರ ಮರ್ಯಾದೆ ಹೋಗುತ್ತಿತ್ತು.

ಮೂರನೇ ವಾರ ಸರ್ಕಾರದ ಸರ್ವೆಯವನು ಬಂದ. ನಾನು ಬೇಕರಿಯಲ್ಲಿದ್ದೆ. ಅಲ್ಲಿ ಬ್ರೆಡ್ಡು ಪ್ಯಾಕ್ ಮಾಡುವುದು ನನ್ನ ಕೆಲಸ. ಗಂಡ ಪೇಟೆಯಲ್ಲಿ ಅಂಗಡಿಯೊಂದರ ಶಟರಿಗೆ ಬಣ್ಣ ಹಚ್ಚುತ್ತಿದ್ದ. ಸಂಜೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಬಡಿಯುತ್ತಿದ್ದರು.

“ಏನಾಯ್ತು ಅತ್ತೆ?”

“ನಿಮ್ಮ ಮಾವನ್ನೇ ಕೇಳು. ರಾಜರು ಹೊರಗೆ ಕೂತಿದ್ದಾರೆ.”

ಮಾವ ಮೆಟ್ಟಿಲ ಮೇಲೆ ಬ್ರಷ್ಷುಗಳ ಕೂದಲು ಬಿಡಿಸುತ್ತಿದ್ದರು. ಮುಖ ಎತ್ತಲಿಲ್ಲ. ಅತ್ತೆಯೇ ಹೇಳಿದರು. ಸರ್ವೆಯವನು ಕೈಯಲ್ಲಿ ಟೇಪು ಹಿಡಿದು ಬಂದನಂತೆ. ಒಳಗೆ ಬಂದು ಸುತ್ತ ನೋಡಿ, “ಏನ್ ಮೇಸ್ತ್ರಿ, ನಿಮ್ಮನೆಗೆ ನೀರೇ ಬಂದಿಲ್ಲವಾ?” ಅಂದನಂತೆ. ಆ ಮಾತು ಮಾವನ ಕಿವಿಗೆ ಸಕ್ಕರೆ ಹಾಕಿದ ಹಾಗಾಗಿದೆ. ಪಾಯ ಎತ್ತರಿಸಿದ ಕಥೆ ಶುರುವಿನಿಂದ ಹೇಳಿದ್ದಾರೆ, ಚಹಾ ಕೊಡಿಸಿದ್ದಾರೆ. ಕೊನೆಗೆ ಅವನು, “ಒಟ್ಟು ಎಷ್ಟು ಬಂದಿತ್ತು ನೀರು?” ಎಂದು ಕೇಳಿದಾಗ ಹೇಳಿದ್ದಾರೆ:

“ಏನು ಮಹಾ? ಮೊಣಕಾಲಷ್ಟು.”

“ಮೊಣಕಾಲಾ?” ಅಂದೆ ನಾನು. “ಮಾವ, ನೀವು ಚೌಕಟ್ಟು ಹಿಡ್ಕೊಂಡು ಕತ್ತು ಎತ್ತಿದ್ರಲ್ಲ, ಆಗ ನಿಮ್ಮ ಮೊಣಕಾಲು ಎಲ್ಲಿತ್ತು?”

“ದೊಡ್ಡವರ ಹತ್ರ ಮಾತಾಡೋ ರೀತಿನಾ ಇದು?”

“ನಾನು ಬಾಯಿ ತೆಗೆಯೋಕೆ ಹೋದೆ,” ಅಂದರು ಅತ್ತೆ. “ಕಣ್ಣು ಬಿಟ್ಟರು ನೋಡು, ನನ್ನನ್ನೇ ನುಂಗೋ ಹಾಗೆ. ಸುಮ್ಮನಾದೆ. ನಲವತ್ತು ವರ್ಷದ ಅಭ್ಯಾಸ.”

“ಹಳೇ ಬಟ್ಟೆ, ಅಕ್ಕಿ ಹಂಚೋಕೆ ಲೆಕ್ಕ ಬರ್ಕೊಳ್ಳೋರು ಅಂದ್ಕೊಂಡೆ,” ಅಂದರು ಮಾವ. “ಆ ಚೀಲ ಬಂದಾಗಲೇ ವಾಪಸ್ ಕಳಿಸಿಲ್ವಾ ನಾನು? ಭಿಕ್ಷೆ ಅನ್ನ ನನ್ನ ಮನೆಗೆ ಬೇಕಾಗಿಲ್ಲ.”

ಸರ್ವೆಯವನು ಯಾಕೆ ಬಂದಿದ್ದ ಎಂದು ನಮಗೆ ಗೊತ್ತಾದದ್ದು ಮತ್ತೆ ಎರಡು ವಾರಕ್ಕೆ, ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದಾಗ. ಹೊಳೆಯಂಚಿನ ಬೀದಿಯನ್ನೇ ಖಾಲಿ ಮಾಡಿಸುತ್ತಾರೆ. ಮೇಲೆ ದಿಬ್ಬದ ಮೇಲೆ ಕಟ್ಟಿಸಿರುವ ಮನೆಗಳನ್ನು ಕೊಡುತ್ತಾರೆ. ಯಾರ ಮನೆಯ ಗೋಡೆಯಲ್ಲಿ ನೀರಿನ ಗೆರೆ ನಾಲ್ಕು ಅಡಿಗಿಂತ ಮೇಲಿದೆಯೋ ಅವರಿಗೆ ದಿಬ್ಬದ ಮನೆ. ಕೆಳಗಿದ್ದರೆ ಒಂದು ಟಾರ್ಪಾಲು, ಎರಡು ಚೀಲ ಸುಣ್ಣ. ಪಟ್ಟಿಯಲ್ಲಿ ಇಪ್ಪತ್ತು ಮನೆಗೆ ದಿಬ್ಬ ಸಿಕ್ಕಿತ್ತು. ಕೊನೆಯಲ್ಲಿ ಒಬ್ಬರಿಗೆ ಮಾತ್ರ ಟಾರ್ಪಾಲು, ಸುಣ್ಣ. ಪೇಂಟಿಂಗ್ ಮೇಸ್ತ್ರಿಗೆ ಸುಣ್ಣ!

ಪಕ್ಕದ ಮನೆಯ ಸೈಕಲ್ ಶಾಪಿನವನು ಹಲ್ಲು ಕಿರಿಯುತ್ತಾ ಬಂದ. ಆ ಮನುಷ್ಯ ಹುಟ್ಟಿದಾಗಿನಿಂದ ಒಂದು ಗೋಡೆ ಒರೆಸಿದವನಲ್ಲ. ಕೆಸರು ಹಿಡಿದ ಗೋಡೆಯನ್ನು ಹಾಗೇ ಬಿಟ್ಟು, ಅದರ ಮೇಲೇ ಕ್ಯಾಲೆಂಡರ್ ತೂಗುಹಾಕಿದ್ದ. ಈಗ ಅದೇ ಅವನ ಬುದ್ಧಿವಂತಿಕೆ ಆಗಿಬಿಟ್ಟಿತ್ತು.

“ನಾನು ಮೊದಲೇ ಅಂದ್ಕೊಂಡಿದ್ದೆ ಕಣಮ್ಮ, ಗೋಡೆ ಮುಟ್ಟಬಾರದು ಅಂತ,” ಅಂದ. “ಸಾಕ್ಷಿ ಇದು, ಸಾಕ್ಷಿ. ಅಷ್ಟೂ ತಿಳಿಯಲ್ವಾ ನಿಮ್ಮ ಮೇಸ್ತ್ರಿಗೆ?”

“ನೀನು ಮುಖ ತೊಳೆಯದೇ ಇರೋದೂ ಸಾಕ್ಷಿಗೇನಾ?” ಅಂದೆ.

ಅವನು ಇನ್ನಷ್ಟು ನಕ್ಕ. ಮನೆ ಸಿಕ್ಕವನಿಗೆ ಯಾವ ಮಾತೂ ಚುಚ್ಚುವುದಿಲ್ಲ.

ನಾನೂ ಗಂಡನೂ ಸರ್ವೆ ಆಫೀಸಿಗೆ ಮೂರು ಸಲ ಹೋದೆವು. ಮೊದಲ ಸಲ ಗುಮಾಸ್ತ ಊಟಕ್ಕೆ ಹೋಗಿದ್ದ. ಎರಡನೇ ಸಲ ಊಟ ಮಾಡಿ ಬಂದು ತೂಕಡಿಸುತ್ತಿದ್ದ. ಮೂರನೇ ಸಲ ಮಗಳನ್ನೂ ಎತ್ತಿಕೊಂಡು ಹೋದೆ. ಅವಳ ಎದೆಯ ಸುಂಯ್ ಶಬ್ದ ಕೇಳಿಯಾದರೂ ಕರಗುತ್ತಾನೇನೋ ಎಂಬ ಆಸೆ.

“ನಿಮ್ಮ ಮಾವನೇ ಹೇಳಿದ್ದಾರೆ, ಮೊಣಕಾಲು ಅಂತ. ಸಹಿ ಇದೆ ನೋಡಿ,” ಅಂದ.

“ಪಕ್ಕದ ಮನೆಗೆ ಐದಡಿ ಬಂದಿದೆ ಅಂತ ನೀವೇ ಬರ್ಕೊಂಡಿದ್ದೀರ. ಮೂರು ಮೆಟ್ಟಿಲು ಎತ್ತರಿಸಿದ್ರೂ ನಮ್ಮನೆ ಅದಕ್ಕಿಂತ ಕೆಳಗಿದೆ. ನೀರು ನಮ್ಮನೇಲಿ ಬಗ್ಗಿ ಹೋಯ್ತಾ?”

“ಅದೆಲ್ಲ ನಂಗೆ ಗೊತ್ತಿಲ್ಲಮ್ಮ. ಗೋಡೇಲಿ ಗೆರೆ ಇದೆಯಾ?”

“ಬೀದಿ ಪೂರ್ತಿ ಜನ ನೋಡಿದ್ದಾರೆ. ಕೇಳಿ.”

“ಬಾಯಿಮಾತಿಗೆ ಈ ಫಾರಂನಲ್ಲಿ ಜಾಗ ಇಲ್ಲ.” ಫಾರಂ ತಿರುಗಿಸಿಯೂ ತೋರಿಸಿದ, ನಿಜವಾಗಿಯೂ ಜಾಗ ಇರಲಿಲ್ಲ. “ಮರುಪರಿಶೀಲನೆಗೆ ಬರ್ಕೊಡಿ. ಮೇಡಂ ಒಬ್ಬರು ಬರ್ತಾರೆ. ಗೆರೆ ಇದ್ರೆ ತೋರಿಸಿ. ಇಲ್ದಿದ್ರೆ ನನ್ನ ತಲೆ ತಿನ್ನಬೇಡಿ.”

ಈ ಮನುಷ್ಯನಿಗೂ ಒಂದು ಗಟ್ಟಿ ಮನೆ ಇರುತ್ತದಲ್ಲ ಎಂದು ಯೋಚಿಸುತ್ತಾ ಮೆಟ್ಟಿಲಿಳಿದೆ. ಗಂಡ ಒಂದು ಮಾತೂ ಆಡಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, “ಅಪ್ಪಂಗೆ ಹೇಳೋದು ಹೇಗೆ?” ಅಂದ. ಆಫೀಸಿನ ಗುಮಾಸ್ತನೇ ವಾಸಿ ಅನ್ನಿಸಿತು.

ಅಷ್ಟರಲ್ಲಿ ಮನೆಯ ಗೋಡೆ ಬೊಬ್ಬೆ ಎದ್ದಿತ್ತು. ಹೆಸರಿಲ್ಲದ ಆ ಬಣ್ಣ ಹಪ್ಪಳದ ಹಾಗೆ ಉಬ್ಬಿ, ಒತ್ತಿದರೆ ನೀರು ಜಿನುಗುತ್ತಿತ್ತು. ಮಗಳು ಬೆರಳಿನಿಂದ ಒಂದೊಂದನ್ನೇ ಒಡೆಯುತ್ತಾ ಆಟವಾಡುತ್ತಿದ್ದಳು. ಅತ್ತೆ ಮಾವನ ಜೊತೆ ಮಾತು ನಿಲ್ಲಿಸಿದ್ದರು. ಮಾಡಿ ಇಡುತ್ತಿದ್ದರು, ಬಡಿಸುತ್ತಿರಲಿಲ್ಲ. ಮಾವ ತಾವೇ ಹಾಕಿಕೊಂಡು, ಉಪ್ಪು ಕಡಿಮೆ ಇದ್ದರೂ ಕೇಳದೆ, ಗೋಡೆಗೆ ಬೆನ್ನು ಮಾಡಿ ಉಣ್ಣುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಮಗಳಿಗೆ ಔಷಧಿ ಕುಡಿಸುವಾಗ ಅಳತೆಯ ಮುಚ್ಚಳ ಕೈಜಾರಿ ಉರುಳಿ ಬೀರುವಿನ ಹಿಂದೆ ಹೋಯಿತು. ಅದು ಅತ್ತೆಯ ತವರಿನಿಂದ ಬಂದ ಕಬ್ಬಿಣದ ಬೀರು. ಆನೆಯಷ್ಟು ಭಾರ. ಕೆಸರಿನಲ್ಲಿ ನಿಂತು ಕಾಲುಗಳು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿದ್ದವು. ಫೋನಿನ ಬೆಳಕು ಹಾಕಿ, ಗೋಡೆಗೆ ಕೆನ್ನೆ ಒತ್ತಿ, ಸಂದಿಯಲ್ಲಿ ಇಣುಕಿದೆ.

ಮುಚ್ಚಳ ಕಂಡಿತು. ಅದರ ಹಿಂದೆ ಹಳೆಯ ನೀಲಿ ಗೋಡೆ ಕಂಡಿತು. ಕೆರೆದಿಲ್ಲ, ತಿಕ್ಕಿಲ್ಲ, ಬಳಿದಿಲ್ಲ. ಅದರ ಮೇಲೆ, ನನ್ನ ಹಣೆಯ ಮಟ್ಟಕ್ಕೆ, ಒಣಗಿದ ಕೆಸರಿನ ಕಂದು ಗೆರೆ.

ಮೊದಲು ಮನೆ ಸಿಕ್ಕಿತು ಅಂದುಕೊಂಡೆ. ಆಮೇಲೆ ಇನ್ನೊಂದು ಹೊಳೆಯಿತು, ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂತು. ಏಳು ವರ್ಷದಿಂದ ಕಾದಿದ್ದ ನಗು ಅದು.

ಮಾವ ಮೆಟ್ಟಿಲ ಮೇಲಿದ್ದರು. ಹತ್ತಿರ ಹೋಗಿ ನಿಂತು ಮೆಲ್ಲಗೆ ಅಂದೆ: “ಮಾವ, ಬೀರು ಹಿಂದೆ ಯಾವ ಬಣ್ಣ ಹೊಡೆದಿದ್ದೀರಿ?”

ಅವರ ಕೈಯಲ್ಲಿದ್ದ ಬ್ರಷ್ ನಿಂತಿತು. ಮುಖದ ಬಣ್ಣ ಇಳಿಯಿತು.

“ನಿನ್ನ ಗಂಡ ಜ್ವರ ಅಂತ ಬಿದ್ಕೊಂಡಿದ್ದ,” ಅಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಒಬ್ಬನೇ ಇದ್ದೆ. ತಳ್ಳಿ ನೋಡ್ದೆ. ಅಲ್ಲಾಡಲಿಲ್ಲ. ಸೊಂಟ ಹಿಡ್ಕೊಂಡುಬಿಡ್ತು.”

“ಜ್ವರ ಬಿಟ್ಟ ಮೇಲೆ ಕರೀಬಹುದಿತ್ತಲ್ಲ.”

“ಕರೆದ್ರೆ ಗೊತ್ತಾಗ್ತಿತ್ತಲ್ಲ.”

“ಮೇಡಂ ಬಂದಾಗ ಅದನ್ನೇ ಸರಿಸಿ ತೋರಿಸ್ತೀವಿ.”

“ಬೇಡ.” ಎದ್ದು ನಿಂತರು. “ಬೀದಿ ಪೂರ್ತಿ ಬಂದಿರುತ್ತೆ ಅವತ್ತು. ಆ ಸೈಕಲ್ಲಿನವನೂ ಇರ್ತಾನೆ. ಆಮೇಲೆ ನನ್ನನ್ನ ಯಾರು ಕೆಲಸಕ್ಕೆ ಕರೀತಾರೆ? ಮೂವತ್ತೆಂಟು ವರ್ಷ ಕಣಮ್ಮ.”

“ಮಗು ಎದೆ?”

ಮಾವ ಬ್ರಷ್ಷಿನ ಕೂದಲು ಸವರುತ್ತಾ ಹೇಳಿದರು: “ಗೆರೆ ತಾನೇ ಬೇಕು ಅವರಿಗೆ? ನಾನು ಬರೀತೀನಿ. ಎಲ್ಲಿಗೆ ನೀರು ಬಂದಿತ್ತೋ ಅಲ್ಲಿಗೇ. ಸುಳ್ಳೇನಲ್ಲವಲ್ಲ.”

ನಿಜವಾದ ಗೆರೆಯನ್ನು ಬೀರುವಿನ ಹಿಂದೆ ಬಚ್ಚಿಟ್ಟು, ಅದೇ ಗೋಡೆಯ ಎದುರಿಗೆ ಸುಳ್ಳು ಗೆರೆ ಬರೆಯುವ ಮನುಷ್ಯ! ಉಗಿಯಬೇಕಿತ್ತು ನಾನು. ಉಗಿಯಲಿಲ್ಲ. ಒಪ್ಪಿಕೊಂಡೆ. ಯಾಕೆಂದರೆ ನನಗೂ ಈ ಮನೆಯ ಗಾಳಿ ತಗುಲಿತ್ತು, ಬೀದಿಯೆದುರು ಜಗಳ ಬೇಡ ಅನ್ನಿಸಿತ್ತು. ಅವತ್ತಿನ ನನ್ನನ್ನು ನೆನೆದರೆ ನನಗೇ ಅಸಹ್ಯ. ಒಂದು ಮಾತು ಮಾತ್ರ ಹೇಳಿದೆ: “ನಿಮ್ಮ ಗೆರೆ ನಡೆಯದಿದ್ರೆ ಬೀರು ಸರಿಯುತ್ತೆ. ನಾನೇ ಸರಿಸ್ತೀನಿ.”

ಮಾವ ಬಾಗಿಲು ಹಾಕಿಕೊಂಡು ಎರಡು ದಿನ ಗೆರೆ ಬರೆದರು. ಹೊಳೆಯ ಕೆಸರನ್ನು ತಂದು ಬಟ್ಟೆಯಲ್ಲಿ ಸೋಸಿದರು. ಚಹಾ ಪುಡಿಯನ್ನು ಕುದಿಸಿ ಬಸಿದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟು, ನಾಲ್ಕೂ ಗೋಡೆಗೆ ಒಂದೇ ಮಟ್ಟ ಗುರುತು ಮಾಡಿಕೊಂಡರು. ಸ್ಪಂಜಿನಿಂದ ಒತ್ತಿ, ಬಾಯಿಯಿಂದ ಊದಿ, ಅಲ್ಲಲ್ಲಿ ಒಣಹುಲ್ಲಿನ ಚೂರು ಅಂಟಿಸಿ, ಕೆಳಗೆ ಇಳಿದ ಹನಿಗಳ ಜಾಡನ್ನೂ ಎಳೆದರು. ಬೀದಿಯಲ್ಲಿ ಒಂದಿಬ್ಬರು ತಮ್ಮ ಗೆರೆಯನ್ನು ಇನ್ನಷ್ಟು ಮೇಲೇರಿಸಲು ಚಿಂದಿಬಟ್ಟೆಯಲ್ಲಿ ಕೆಸರು ಮೆತ್ತಿದ್ದನ್ನು ನೆನೆದು ಮೂಗು ಮುರಿದರು. “ನೀರು ಎಲ್ಲಾದರೂ ಓರೆಯಾಗಿ ನಿಲ್ಲುತ್ತಾ? ಕೆಲಸ ಗೊತ್ತಿಲ್ಲದೋರು.” ನೆರೆ ಬಂದ ಮೇಲೆ ಅವರು ಅಷ್ಟು ಖುಷಿಯಾಗಿದ್ದದ್ದು ಆ ಎರಡೇ ದಿನ. ಗೆರೆ ಮಾತ್ರ ಹೊಳೆಯೇ ಬಂದು ಬರೆದ ಹಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮೇಡಂ ಬಂದರು. ಮೊಣಕೈವರೆಗೆ ತೋಳು ಮಡಚಿದ್ದ, ಜಾಸ್ತಿ ಮಾತಿಲ್ಲದ ಹೆಂಗಸು. ಹಿಂದೆ ಬೀದಿಯೇ ಬಂತು. ಸೈಕಲ್ ಶಾಪಿನವನು ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತ. ಮೇಡಂ ಟೇಪು ಹಿಡಿದರು. “ಐದು ಅಡಿ ಎರಡು ಇಂಚು,” ಎಂದು ಬರೆದುಕೊಂಡರು.

“ಗೋಡೆ ಬಣ್ಣ ಹೊಸದಿದ್ದಂಗಿದೆ,” ಅಂದರು ಮೇಡಂ, ಬರೆಯುತ್ತಲೇ. “ಯಾವಾಗ ಮಾಡಿಸಿದ್ರಿ?”

ಸುಮ್ಮನೆ ನೆರೆಗೆ ಮುಂಚೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟೇ ಮಾತು. ಆದರೆ ಪ್ರಶ್ನೆ ಬಣ್ಣದ ಬಗ್ಗೆ ಬಂದಿತ್ತು, ಕೇಳಿದವರು ದೊಡ್ಡ ಅಧಿಕಾರಿ, ಕಿಟಕಿಯಲ್ಲಿ ಬೀದಿ ಇತ್ತು. ಮಾವನ ಎದೆ ಸೆಟೆಯಿತು.

“ಮಾಡಿಸೋದೇನು ಮೇಡಂ? ನಾನೇ ಮಾಡಿದ್ದು. ನೀರಿಳಿದ ಎಂಟೇ ದಿನಕ್ಕೆ, ಒಬ್ಬನೇ, ಎರಡು ಕೋಟು!”

ಅತ್ತೆ ಹಣೆ ಹಿಡಿದುಕೊಂಡರು.

ಮೇಡಂ ಪೆನ್ನು ನಿಲ್ಲಿಸಿದರು. ಮಾವನನ್ನು ನೋಡಿದರು, ಗೆರೆಯನ್ನು ನೋಡಿದರು. “ಹಾಗಾದ್ರೆ ನೀರು ಇಳಿದ ಮೇಲೆ ಬಳಿದ ಪೇಂಟಿನ ಮೇಲೆ ನೀರಿನ ಗೆರೆ ಹೇಗೆ ಬಂತು?”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಕರವಸ್ತ್ರ ಒದ್ದೆ ಮಾಡಿ ಗೋಡೆಗೆ ಒರೆಸಿದರು. ಎರಡು ದಿನದ ಕುಸುರಿ ಕೆಲಸ ಕರವಸ್ತ್ರಕ್ಕೆ ಬಂತು. “ಸುಳ್ಳು ಗುರುತು,” ಎಂದು ಬರೆಯಲು ಶುರುಮಾಡಿದರು. “ಗೊತ್ತಿರಲಿ, ಹೀಗೆ ಮಾಡಿದ್ರೆ ಪಟ್ಟಿಯಿಂದ ಹೆಸರು ಖಾಯಂ ಆಗಿ ಹೋಗುತ್ತೆ.”

“ಒಂದು ನಿಮಿಷ ಮೇಡಂ,” ಅಂದೆ. “ಏನ್ರೀ, ಬೀರು ಆ ಕಡೆ ಹಿಡ್ಕೊಳ್ಳಿ.”

ಗಂಡ ಅಪ್ಪನ ಮುಖ ನೋಡಿದ. ಮಾವ ಹೋಗಿ ಬೀರುವಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು, ಎರಡೂ ಕೈ ಚಾಚಿ.

“ಅದನ್ನ ಮುಟ್ಟಬೇಡ. ಹೇಳಿದೀನಿ.”

“ಪಕ್ಕಕ್ಕೆ ಸರೀರಿ ಮಾವ.”

“ಟಾರ್ಪಾಲ್ ಸಾಕು ನಮಗೆ! ಇಲ್ಲೇ ಇರೋಣ!”

ಆಗ ಒಳಮನೆಯಲ್ಲಿ ಮಗಳು ಕೆಮ್ಮಿದಳು. ಒಂದೇ ಸಲವಲ್ಲ, ಅವಳ ಕೆಮ್ಮು ಶುರುವಾದರೆ ನಿಲ್ಲುವುದಿಲ್ಲ. ಬೀದಿಯೆಲ್ಲ ಕೇಳುತ್ತಾ ನಿಂತಿತು. ಎರಡು ತಿಂಗಳಿಂದ ಮಾವನೊಡನೆ ಮಾತಾಡದಿದ್ದ ಅತ್ತೆ ಬಂದು, ಅವರ ತೋಳು ಹಿಡಿದು, ಮಗುವನ್ನು ಒಲೆ ಹತ್ತಿರದಿಂದ ಎಳೆಯುವ ಹಾಗೆ ಪಕ್ಕಕ್ಕೆ ಎಳೆದರು.

“ಸಾಕು. ಸರೀರಿ.”

ಗಂಡ ಬಂದು ಬೀರುವಿನ ಇನ್ನೊಂದು ಮಗ್ಗುಲು ಹಿಡಿದ. ಮದುವೆಯಾದ ಮೇಲೆ ಅವನು ಅಪ್ಪನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು. ತುಕ್ಕು ಹಿಡಿದ ಕಾಲುಗಳು ಕಿರುಗುಟ್ಟಿದವು. ಬೀರು ಒಂದು ಗೇಣು, ಎರಡು ಗೇಣು ಸರಿಯಿತು. ನೀಲಿ ಗೋಡೆ ಹೊರಗೆ ಬಂತು, ಮಧ್ಯದಲ್ಲಿ ಕಂದು ಗೆರೆ.

ಮೇಡಂ ಅಳೆದರು. ಐದು ಅಡಿ ಎರಡು ಇಂಚು. ಮಾವ ಬರೆದದ್ದಕ್ಕೂ ಹೊಳೆ ಬರೆದದ್ದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಒದ್ದೆ ಕರವಸ್ತ್ರ ಒರೆಸಿ ನೋಡಿದರು. ಕೆಸರಿನ ಕೆಳಗೆ ಹಳೆಯ ನೀಲಿಯೊಳಕ್ಕೇ ಇಳಿದಿದ್ದ ಗೆರೆ ಹೋಗಲಿಲ್ಲ. ಫೋಟೋ ತೆಗೆದರು. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. “ಇದನ್ನೇ ಮೊದಲು ತೋರಿಸೋದಕ್ಕೆ ಏನಾಗಿತ್ತು ನಿಮಗೆ?” ಎಂದು ಬೇಸರದಿಂದ ಕೇಳಿ ಹೊರಟರು.

ಅದಕ್ಕೆ ಉತ್ತರ ಕಿಟಕಿಯಿಂದ ಬಂತು.

“ಓಹೋ!” ಅಂದ ಸೈಕಲ್ ಶಾಪಿನವನು. “ಬೀರು ಸುತ್ತ ಬಳಿದವ್ರೆ ಮೇಸ್ತ್ರಿ!”

ಬೀದಿ ನಕ್ಕಿತು. ಹಂದಿ ಅನ್ನಿಸಿಕೊಂಡವರು, ಮಾನ ಇಲ್ಲ ಅನ್ನಿಸಿಕೊಂಡವರು, ಎಲ್ಲರೂ ಹೊಟ್ಟೆ ತುಂಬ ನಕ್ಕರು. ನಾನೂ ನಕ್ಕೆ. ಮಾವ ಒಳಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತಿನಿಂದ ಬೀದಿಯಲ್ಲಿ ಅವರ ಹೆಸರು ಬೀರು ಮೇಸ್ತ್ರಿ. ಅವರು ಹೊರಗೆ ಬಂದರೆ ಮಕ್ಕಳು ಕೂಗಿ ಓಡುತ್ತಿದ್ದರು. ಪೇಟೆಯಲ್ಲೊಬ್ಬರು ಫೋನ್ ಮಾಡಿ, “ನಮ್ಮನೆ ಬೀರುಗಳನ್ನ ನಾವೇ ಸರಿಸಿಟ್ಟಿರ್ತೀವಿ ಮೇಸ್ತ್ರಿ, ನೀವು ಬನ್ನಿ,” ಎಂದರಂತೆ. ಮಾವ ಹೋಗಲಿಲ್ಲ. ಮಗನನ್ನು ಕಳಿಸಿದರು. ಮನೆಯಲ್ಲಿ ಕೂತರು. ಯಾರನ್ನೂ ಬೈಯಲಿಲ್ಲ. ನನಗೆ ಮೊದಲ ಒಂದು ವಾರ ಅನ್ನ ರುಚಿಯಾಗಿತ್ತು. ಎರಡನೇ ವಾರ ಮಂಚದ ಕೆಳಗೆ ಬೇಕೆಂದೇ ಗುಡಿಸದೆ ಬಿಟ್ಟು ನೋಡಿದೆ. ಅವರು ಅದನ್ನು ನೋಡಿದರು. ಏನೂ ಅನ್ನಲಿಲ್ಲ. ನಾನೇ ಪೊರಕೆ ತಂದು ಗುಡಿಸಿದೆ.

ಮುಂದಿನ ತಿಂಗಳು ದಿಬ್ಬದ ಮನೆಯ ಬೀಗದ ಕೈ ಕೊಟ್ಟರು. ಹೊರಡುವ ದಿನ ಬೆಳಿಗ್ಗೆ ಬೀದಿಯ ಆ ತುದಿಯಿಂದ ಮನೆಗಳನ್ನು ಕೆಡವುತ್ತಾ ಬಂದ ಜೆಸಿಬಿ ಆಗಲೇ ನಮ್ಮ ಪಕ್ಕದಲ್ಲಿತ್ತು. ಸೈಕಲ್ ಶಾಪಿನವನ ಗೋಡೆ ಕ್ಯಾಲೆಂಡರ್ ಸಮೇತ ಬಿತ್ತು. ನಮ್ಮದು ನಾಳೆ. ಲಾರಿಗೆ ಮಂಚ ಏರಿತು, ಪಾತ್ರೆ ಏರಿದವು, ನಾಲ್ಕು ಜನ ಸೇರಿ ಬೀರುವನ್ನು ಏರಿಸಿದರು. ಅತ್ತೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂತರು. ಎಣಿಸಿದರೆ ಒಬ್ಬರು ಕಡಿಮೆ.

ಒಳಗೆ ಹೋದೆ. ಖಾಲಿ ಕೋಣೆ. ಬೊಬ್ಬೆ ಎದ್ದ ಗೋಡೆಗಳ ನಡುವೆ ಬೀರುವಿನ ಆಕಾರದ ಗೋಡೆಯ ತುಂಡು. ಅದರ ಮುಂದೆ ಮಾವ ಅಂಗಿ ಬಿಚ್ಚಿ ನಿಂತಿದ್ದರು. ನೀಲಿಯನ್ನೆಲ್ಲ ಆಗಲೇ ಕೆರೆದಾಗಿತ್ತು. ಉಪ್ಪುಕಾಗದದಲ್ಲಿ ತಿಕ್ಕಿಯೂ ಆಗಿತ್ತು. ಕಾಲ ಬಳಿ ಹೆಸರಿಲ್ಲದ ಬಣ್ಣದ ಬಕೆಟ್ಟು, ತಳದಲ್ಲಿ ಉಳಿದಿದ್ದಷ್ಟು. ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಬ್ರಷ್ ಎಳೆಯುತ್ತಿದ್ದರು.

“ಮಾವ, ನಾಳೆ ಕೆಡವ್ತಾರೆ ಇದನ್ನ.”

“ಗೊತ್ತು.”

“ಲಾರಿ ಕಾಯ್ತಿದೆ.”

“ಕಾಯಲಿ.”

ಹೊರಗೆ ಲಾರಿ ಹಾರ್ನ್ ಬಾರಿಸಿತು. ಎಂಥ ಮನೆಗೆ ಬಂದು ಬಿದ್ದೆ ಎಂದು ಮೈ ಉರಿಯಿತು. ಮೊಮ್ಮಗಳ ಎದೆಗಾಗಿ ಬೀರುವಿನ ಮುಂದಿನಿಂದ ಸರಿಯದಿದ್ದ ಮನುಷ್ಯ ನಾಳೆ ಬೀಳುವ ಗೋಡೆಗಾಗಿ ಬೆವರು ಸುರಿಸುತ್ತಿದ್ದ. ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರು ಲಾರಿಯಿಂದ ಇಳಿಯಲೂ ಇಲ್ಲ. ಕೂತಲ್ಲಿಂದಲೇ ಡ್ರೈವರಿಗೆ ಹೇಳಿದರು:

“ಇಂಜಿನ್ ಆಫ್ ಮಾಡಪ್ಪ. ಒಣಗಬೇಕು. ಇನ್ನೊಂದು ಕೋಟು ಇದೆ.”

ನಾನು ಮತ್ತೆ ಒಳಗೆ ಹೋದೆ. ಬಕೆಟ್ಟಿನಲ್ಲಿ ಬಣ್ಣ ಮುಗಿಯುತ್ತಾ ಬಂದಿತ್ತು, ಬ್ರಷ್ಷಿಗೆ ಸಿಗುತ್ತಿರಲಿಲ್ಲ. ಬೈದುಕೊಳ್ಳುತ್ತಲೇ ಬಕೆಟ್ಟನ್ನು ಎತ್ತಿ, ಓರೆ ಮಾಡಿ ಹಿಡಿದುಕೊಂಡೆ.